ಆ ದಂಪತಿಗಳಿಗೆ ಕಾಲಾವಕಾಶ ಬೇಕು

ಶ್ರಾವಕರ ಮನೆಗಳಲ್ಲಿ ಇಂದು ಹೊಸದೊಂದು ಧರ್ಮಸಂಕಟವು ತಲೆದೋರಿದೆ. ಗರ್ಭಿಣಿಯ ರಕ್ತಪರೀಕ್ಷೆಯೋ 18ರಿಂದ 20ನೆಯ ವಾರದ ಸ್ಕ್ಯಾನಿಂಗೋ ಶಿಶುವಿನಲ್ಲಿ ದೋಷವನ್ನು ಸೂಚಿಸಿದೊಡನೆ ಬಂಧುಗಳು ತೀರ್ಪು ನೀಡತೊಡಗುತ್ತಾರೆ. 'ಪಾಪ' ಎಂದು ಕೆಲವರು, 'ತೆಗೆಸಿಬಿಡಿ' ಎಂದು ಕೆಲವರು. ನಮ್ಮ ಬಂಧುವರ್ಗದ ಸೊಸೆಯೊಬ್ಬಳು ಈ ಎರಡು ಮಾತುಗಳ ನಡುವೆ ಮೂರು ದಿನ ಅನ್ನ ಮುಟ್ಟಲಿಲ್ಲ.

ರಕ್ತಪರೀಕ್ಷೆಯು ಹೇಳುವುದು ಸಂಭವವನ್ನು ಮಾತ್ರ. ಅಂದಾಜುಪಟ್ಟಿಯನ್ನು ಯಾವ ವರ್ತಕನೂ ಆಖೈರು ಲೆಕ್ಕವೆಂದು ಬಗೆಯುವುದಿಲ್ಲವಷ್ಟೆ! ಗರ್ಭಜಲದ ಪರೀಕ್ಷೆಯಿಂದ ಅದು ದೃಢಪಡಬೇಕು. ಅದರಲ್ಲಿಯೂ ಗರ್ಭಸ್ರಾವದ ಅಲ್ಪ ಭಯವುಂಟು. ದೋಷಗಳೂ ಒಂದೇ ಬಗೆಯವಲ್ಲ. ಡೌನ್ ಸಿಂಡ್ರೋಮ್ ಇರುವವರು ಇಂದು 60ರ ವಯಸ್ಸನ್ನೂ ಕಾಣುವುದುಂಟು. ತಲೆಬುರುಡೆ, ಮೆದುಳು ಬೆಳೆಯದ ಶಿಶುವಾದರೋ ಹುಟ್ಟಿದ ಕೆಲವು ಗಂಟೆ, ದಿನಗಳಲ್ಲಿಯೇ ಅಸುನೀಗುತ್ತದೆ. 1971ರ ವೈದ್ಯಕೀಯ ಗರ್ಭಪಾತ ಕಾಯಿದೆಗೆ 2021ರಲ್ಲಿ ಆದ ತಿದ್ದುಪಡಿಯಂತೆ, ವೈದ್ಯಕೀಯ ಮಂಡಲಿಯು ಗಂಭೀರ ದೋಷವನ್ನು ಖಚಿತಪಡಿಸಿದಲ್ಲಿ 24 ವಾರಗಳ ಮಿತಿಯು ಅನ್ವಯಿಸದು. ಯೋಚಿಸಲು ಕೆಲವು ದಿನಗಳ ಅವಕಾಶವುಂಟು.

ಪಂಚೇಂದ್ರಿಯ ಜೀವದ ಘಾತವು ಹಿಂಸೆಯೇ. ಅದನ್ನು ಹಗುರಗೊಳಿಸಿ ನಾನು ಬರೆಯಲಾರೆ. ಆದರೆ ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸುವಾಗ ಪ್ರಮಾದವನ್ನು ಮುಂದಿಟ್ಟಿದೆ. ತಾಯಿಯನ್ನು ನೋಯಿಸುವ ನಮ್ಮ ಅವಸರದ ನಾಲಗೆಯು ಪ್ರಮಾದವಲ್ಲವೆ? ನಿರ್ಧಾರವು ಆ ದಂಪತಿಗಳದು. ಅವರು ಹೆರಲು ನಿಶ್ಚಯಿಸಿದರೆ ಶಿಶುವಿನ ಚಿಕಿತ್ಸೆಗೆ ಬಸದಿಯ ಟ್ರಸ್ಟುಗಳು ನಿಧಿಯನ್ನು ತೆರೆಯಲಿ. ಬೇರೆಯದನ್ನು ನಿಶ್ಚಯಿಸಿದರೆ ಪೂಜೆಯಲ್ಲಿ ಅವರ ಸ್ಥಾನವು ಮೊದಲಿನಂತೆಯೇ ಇರಲಿ.