ಮೋಡ್ ಮತ್ತು ಮೋಡ

ಜರ್ಮನಿಯ ಮ್ಯೂನಿಕ್‌ನಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗ ಕಳೆದ ವರ್ಷ ಬೇಸಿಗೆಯಲ್ಲಿ ಬೈಕಿನ ಮೇಲೆ ಆಲ್ಪ್ಸ್ ಪರ್ವತಗಳನ್ನು ಸುತ್ತಿ ಬಂದ. ಹೊರಡುವ ಮುಂಚೆ ತಾನು ಹಾಕಿಕೊಂಡಿದ್ದ ದಾರಿಯ ನಕ್ಷೆಯನ್ನು ನನ್ನ ಫೋನಿಗೆ ಕಳಿಸಿದ್ದ. ಆಸ್ಟ್ರಿಯಾದ ಗ್ರಾಸ್‌ಗ್ಲಾಕ್ನರ್ ರಸ್ತೆ, ಇಟಲಿಯ ಸ್ಟೆಲ್ವಿಯೋ, ಸ್ವಿಟ್ಜರ್ಲೆಂಡಿನ ಫುರ್ಕಾ. ಯಾವ ಊರಿನಲ್ಲಿ ಪೆಟ್ರೋಲ್, ಎಲ್ಲಿ ಮಲಗುವುದು, ಮಳೆ ಬಂದರೆ ಯಾವ ದಾರಿ ಬಿಡುವುದು, ಎಲ್ಲವೂ ಅದರಲ್ಲಿತ್ತು. ಸ್ಟೆಲ್ವಿಯೋ 2757 ಮೀಟರ್ ಎತ್ತರದಲ್ಲಿದೆಯಂತೆ. ನಮ್ಮ ಮುಳ್ಳಯ್ಯನಗಿರಿಯ ತುದಿ 1930 ಮೀಟರ್. ಅಂದರೆ ಕರ್ನಾಟಕದ ಅತಿ ಎತ್ತರದ ಶಿಖರಕ್ಕಿಂತ ಎಂಟುನೂರು ಮೀಟರ್ ಮೇಲೆ ಅವರ ರಸ್ತೆ ಹೋಗುತ್ತದೆ! ಒಂದು ಪಕ್ಕದಿಂದ ಹತ್ತುವಾಗ 48 ತಿರುವುಗಳು, ಪ್ರತಿ ತಿರುವಿಗೂ ನಂಬರಿನ ಕಲ್ಲು. 1820ರಿಂದ 1825ರೊಳಗೆ ಕಟ್ಟಿದ ರಸ್ತೆಯದು.

ಇದನ್ನೆಲ್ಲ ನಾನು ಅಬ್ಬಾರಿಗೆ ಓದಿ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಕೊನೆಗೆ, "ಇಳಿಯುವಾಗ ಯಾವ ಗೇರು?" ಎಂದರು.

ನನಗೆ ಗೊತ್ತಿರಲಿಲ್ಲ. ಫೋನು ಮಾಡಿ ಕೇಳಿದೆ. ಹುಡುಗ ನಕ್ಕು, "ಸೆಕೆಂಡು, ಕೆಲವು ಕಡೆ ಫಸ್ಟು ಅಂತ ನಾನಾಗೆ ಹೇಳಿ ಮಾಮು" ಎಂದ. ಅಬ್ಬಾ ತಲೆಯಾಡಿಸಿದರು. ಸರಿಯಾದ ಉತ್ತರ ಎನ್ನುವಂತೆ.

ಅಬ್ಬಾ ಆಲ್ದೂರಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೈಕ್ ಮೆಕ್ಯಾನಿಕ್ ಆಗಿದ್ದವರು. ಈಗ ಎಪ್ಪತ್ತಾರು. ಮೂರು ವರ್ಷಗಳಿಂದ ಮರೆವು ಹತ್ತಿಕೊಂಡಿದೆ. ಬೆಳಿಗ್ಗೆ ತಿಂಡಿ ತಿಂದದ್ದು ಹತ್ತು ಗಂಟೆಗೆ ನೆನಪಿರುವುದಿಲ್ಲ. ಅಮ್ಮಿ ತೀರಿಕೊಂಡದ್ದನ್ನು ಒಂದೊಂದು ದಿನ ನಾವು ಹೊಸದಾಗಿ ಹೇಳಬೇಕಾಗುತ್ತದೆ. ಹೇಳಿದಾಗ ಅವರ ಮುಖವೂ ಹೊಸದಾಗಿಯೇ ಬಾಡುತ್ತದೆ. ಅದಕ್ಕಾಗಿ ಈಚೆಗೆ ನಾವು ಹೇಳುವುದನ್ನು ಬಿಟ್ಟಿದ್ದೇವೆ. ಆದರೆ ಕಾರ್ಬೊರೇಟರ್ ವಿಷಯ ಎತ್ತಿ ನೋಡಿ, ನಿಮ್ಮ ಅಪ್ಪನ ಕಾಲದ ಗಾಡಿಯಲ್ಲಿ ಯಾವ ಜೆಟ್ ಹಾಕಿದ್ದೆ ಎಂದು ಹೇಳುತ್ತಾರೆ.

ಡಿಸೆಂಬರಿನಲ್ಲಿ ರಜೆಗೆ ಬರುತ್ತೇನೆ, ಆಲ್ಪ್ಸ್ ಆಯಿತು, ಈಗ ನಮ್ಮೂರಿನ ಘಾಟಿಗಳನ್ನು ಸುತ್ತಬೇಕು, ನೀವೇ ಒಂದು ದಾರಿ ಹಾಕಿಕೊಡಿ ಎಂದು ಹುಡುಗ ಕೇಳಿದಾಗ ನಾನು ಅಬ್ಬಾರ ಕಡೆ ನೋಡಿದ್ದು ಈ ಕಾರಣಕ್ಕೆ. ನಾನು ಕಥೆ ಬರೆಯುವವನು. ಘಾಟಿಯಲ್ಲಿ ಕಾರು ಓಡಿಸುವಾಗಲೂ ಪಕ್ಕದಲ್ಲಿ ಯಾರಾದರೂ ಇರಲಿ ಎನ್ನುವ ಜಾತಿ.

ದಾರಿ ಹಾಕಲು ಕುಳಿತ ಮೊದಲ ರಾತ್ರಿಯೇ ಒಂದು ವಿಷಯ ಹೊಳೆಯಿತು. ಆಲ್ಪ್ಸ್‌ನವರು 'ಪಾಸ್' ಅನ್ನುವುದನ್ನು ನಾವು 'ಘಾಟಿ' ಎಂದು ಅನುವಾದ ಮಾಡಿಕೊಳ್ಳುತ್ತೇವೆ, ಆದರೆ ಎರಡೂ ಒಂದಲ್ಲ. ಪಾಸ್ ಎಂದರೆ ಎರಡು ಬೆಟ್ಟಗಳ ನಡುವಿನ ತಗ್ಗು. ಈ ಕಡೆಯಿಂದ ಹತ್ತಿ ಆ ಕಡೆ ಇಳಿದರೆ ಮುಗಿಯಿತು, ಮುಂದೆ ಇನ್ನೊಂದು ಹತ್ತು, ಇನ್ನೊಂದು ಇಳಿ. ನಮ್ಮ ಘಾಟಿಗೆ ಇರುವುದು ಒಂದೇ ಮಗ್ಗುಲು. ಮಲೆನಾಡು ಅಟ್ಟ, ಕರಾವಳಿ ಅಂಗಳ, ಘಾಟಿ ನಡುವಿನ ಏಣಿ. ಇಳಿದವನು ಮನೆಗೆ ಬರಬೇಕಾದರೆ ಮತ್ತೆ ಹತ್ತಲೇಬೇಕು. ಆದ್ದರಿಂದ ಇಲ್ಲಿ ದಾರಿ ಹಾಕುವವನು ಮೊದಲು ತೀರ್ಮಾನಿಸಬೇಕಾದದ್ದು ಯಾವುದರಲ್ಲಿ ಇಳಿಯುವುದು, ಯಾವುದರಲ್ಲಿ ಹತ್ತುವುದು ಎಂಬುದನ್ನು.

ಅಬ್ಬಾರಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ. "ಚಾರ್ಮಾಡಿ ಇಳೀಲಿ, ಆಗುಂಬೆ ಹತ್ತಲಿ." ಆಗುಂಬೆಯ 14 ತಿರುವುಗಳು ಕತ್ತರಿಯ ಹಾಗೆ ಮಡಚಿಕೊಂಡಿವೆ, ಜಾಗ ಕಡಿಮೆ, ಹೊಸಬ ಇಳಿಯಬಾರದು ಎನ್ನುವುದು ಅವರ ವಾದ. ಚಾರ್ಮಾಡಿ ಇಪ್ಪತ್ತೈದು ಕಿಲೋಮೀಟರಿನಷ್ಟು ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ, ಮಧ್ಯೆ ನಿಂತು ಬ್ರೇಕ್ ಡ್ರಮ್ಮು ತಣ್ಣಗಾಗಲು ಬಿಡಬಹುದು. "ಉತರ್ನಾ ಬ್ರೇಕ್‌ಕಾ ಕಾಮ್, ಚಢ್ನಾ ಇಂಜನ್‌ಕಾ ಕಾಮ್" ಎಂದರು ನಮ್ಮ ದಖ್ಖನಿಯಲ್ಲಿ. ಇಳಿಯುವುದು ಬ್ರೇಕಿನ ಕೆಲಸ, ಹತ್ತುವುದು ಇಂಜಿನ್ನಿನ ಕೆಲಸ. ಇಂಜಿನ್ ಸೋತರೆ ಗಾಡಿ ನಿಲ್ಲುತ್ತದೆ ಅಷ್ಟೆ. ಬ್ರೇಕ್ ಸೋತರೆ?

ಅವರ ಗಾಡಿ ಯೆಜ್ದಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಆ ಕಾಲವೇ ನಮ್ಮ ಮನೆಯ ಅನ್ನದ ಕಾಲ ಎನ್ನಬಹುದು. ಎಸ್ಟೇಟಿನ ಸಾಹುಕಾರರಿಂದ ಹಿಡಿದು ರೈಟರುಗಳವರೆಗೆ ಎಲ್ಲರಲ್ಲೂ ಜಾವಾ, ಯೆಜ್ದಿ. ಕಿಕ್ ಹೊಡೆಯುವ ಸರಳನ್ನೇ ಮುಂದಕ್ಕೆ ಮಡಚಿದರೆ ಗೇರಿನ ಸರಳಾಗುತ್ತಿದ್ದ ಗಾಡಿ ಅದು. ಟೂ ಸ್ಟ್ರೋಕ್ ಇಂಜಿನ್, ಆಯಿಲನ್ನು ಪೆಟ್ರೋಲಿನ ಜೊತೆಗೇ ಬೆರೆಸಿ ಹಾಕಬೇಕು. ಘಾಟಿಯಲ್ಲಿ ಇದರಿಂದ ಒಂದು ತೊಂದರೆಯಿತ್ತು. ಇಳಿಜಾರಿನಲ್ಲಿ ಆಕ್ಸಿಲೇಟರ್ ಪೂರ್ತಿ ಮುಚ್ಚಿಕೊಂಡು ಬಹಳ ಹೊತ್ತು ಬಂದರೆ ಪೆಟ್ರೋಲ್ ಹೋಗುವುದಿಲ್ಲ, ಪೆಟ್ರೋಲಿನ ಜೊತೆ ಹೋಗಬೇಕಾದ ಆಯಿಲೂ ಹೋಗುವುದಿಲ್ಲ. ಪಿಸ್ಟನ್ ಒಣಗಿ ಹಿಡಿದುಕೊಳ್ಳುತ್ತದೆ. ಹಾಗಾಗಿ ಇಳಿಯುವಾಗಲೂ ಆಗಾಗ ಆಕ್ಸಿಲೇಟರ್ ತಿರುವಿ ಇಂಜಿನ್ನಿಗೆ ಒಂದು ಗುಟುಕು ಕುಡಿಸಬೇಕು. 1988ರಲ್ಲಿ, ನನಗೆ ಎಂಟು ವರ್ಷ, ಟ್ಯಾಂಕಿನ ಮೇಲೆ ಕೂರಿಸಿಕೊಂಡು ಅವರು ನನ್ನನ್ನು ಕುದುರೆಮುಖಕ್ಕೆ ಕರೆದುಕೊಂಡು ಹೋಗಿದ್ದರು. ದಾರಿಯುದ್ದಕ್ಕೂ ಆ ಗುಟುಕಿನ ಸದ್ದು ನನ್ನ ತೊಡೆಯ ಕೆಳಗೆ ಕೇಳುತ್ತಿತ್ತು.

ಅಬ್ಬಾ ಉರ್ದು ಬಿಟ್ಟರೆ ಬೇರೆ ಲಿಪಿ ಕಲಿತವರಲ್ಲ. ಅವರ ಗ್ಯಾರೇಜಿನ ಡೈರಿಗಳೆಲ್ಲ ಉರ್ದುವಿನಲ್ಲಿವೆ. ಒಂದು ಡೈರಿಯಲ್ಲಿ ಗಿರಾಕಿಗಳ ಬಾಕಿಯ ಜೊತೆಗೇ ಘಾಟಿಯ ಟಿಪ್ಪಣಿಗಳೂ ಇವೆ. ನಾನು ಉರ್ದು ಶಾಲೆಯಲ್ಲಿ ಓದು ಶುರುಮಾಡಿ ಆಮೇಲೆ ಕನ್ನಡ ಶಾಲೆಗೆ ಹೋದವನು. ಎರಡೂ ಭಾಷೆ ತಲೆಯಲ್ಲಿ ಕಲಸಿಕೊಂಡಿದ್ದ ದಿನಗಳಲ್ಲಿ ಆ ಡೈರಿಯನ್ನು ಕದ್ದು ಓದಿದ್ದೆ. 'ಸಾತ್ವಾ ಮೋಡ್ – ಪಾನಿ' ಎಂದು ಬರೆದಿದ್ದರು. ಉರ್ದುವಿನಲ್ಲಿ ಮೋಡ್ ಎಂದರೆ ತಿರುವು. ಏಳನೇ ತಿರುವಿನಲ್ಲಿ ರಸ್ತೆಗೆ ನೀರು ಬೀಳುತ್ತದೆ, ಜೋಪಾನ ಎಂದು ಅರ್ಥ. ನಾನು ಮಾತ್ರ ಏಳನೇ ಮೋಡದಲ್ಲಿ ನೀರಿದೆ ಎಂದು ಓದಿಕೊಂಡೆ. ಅಬ್ಬಾ ಆಕಾಶದ ಮೋಡಗಳನ್ನು ಎಣಿಸಿ, ಯಾವುದರಲ್ಲಿ ಮಳೆಯಿದೆ ಎಂದು ಬರೆದಿಡುತ್ತಾರೆ ಎಂದು ಬಹಳ ದಿನ ನಂಬಿದ್ದೆ. ಮಳೆಗಾಲದಲ್ಲಿ ಚಾರ್ಮಾಡಿ ನೋಡಿದವರು ನನ್ನನ್ನು ಪೂರ್ತಿ ತಪ್ಪೆನ್ನಲಾರರು. ಅಲ್ಲಿ ಮೋಡ್ ಯಾವುದು, ಮೋಡ ಯಾವುದು ಎಂದು ಬೇರೆ ಮಾಡುವುದು ಕಷ್ಟ.

ಅದೇ ಡೈರಿಯನ್ನು ಮುಂದಿಟ್ಟುಕೊಂಡು, ಅಬ್ಬಾರನ್ನು ಕೇಳುತ್ತ, ಫೋನಿನ ನಕ್ಷೆಯಲ್ಲಿ ನೋಡುತ್ತ ದಾರಿ ಹಾಕಿದೆವು. ಮೊದಲ ದಿನ ಆಲ್ದೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಇಳಿದು ಉಜಿರೆ, ಗುರುವಾಯನಕೆರೆ, ನಾರಾವಿ, ಬಜಗೋಳಿ, ರಾತ್ರಿ ಕಾರ್ಕಳ. ಎರಡನೇ ದಿನ ಹೆಬ್ರಿ, ಸೋಮೇಶ್ವರ, ಆಗುಂಬೆ ಹತ್ತಿ ಶೃಂಗೇರಿ. ಅಲ್ಲಿ ಟ್ಯಾಂಕ್ ತುಂಬಿಸಿಕೊಂಡು ಕೆರೆಕಟ್ಟೆ, ಎಸ್.ಕೆ. ಬಾರ್ಡರ್, ಕುದುರೆಮುಖ, ಕಳಸ. ರಾಷ್ಟ್ರೀಯ ಉದ್ಯಾನದೊಳಗಿನ ರಸ್ತೆಯಾದ್ದರಿಂದ ಹಗಲಿನಲ್ಲೇ ದಾಟಬೇಕು, ಫೋಟೋ ತೆಗೆಯುತ್ತ ನಿಲ್ಲುವ ಹಾಗಿಲ್ಲ. ಮೂರನೇ ದಿನ ಕಳಸದಿಂದ ಬಾಳೆಹೊನ್ನೂರು, ಮನೆ. ನಕ್ಷೆಯಲ್ಲಿ ನೋಡಿದರೆ ಎಂಟರ ಅಂಕಿಯನ್ನು ಅವಸರದಲ್ಲಿ ಬರೆದ ಹಾಗಿತ್ತು.

ಆಲ್ಪ್ಸ್‌ನಲ್ಲಿ ಹಿಮ ಬಿದ್ದರೆ ಪಾಸ್ ಮುಚ್ಚುತ್ತಾರೆ, ಕೆಳಗಿನ ಊರಿನಲ್ಲೇ ತೆರೆದಿದೆ, ಮುಚ್ಚಿದೆ ಎಂದು ಬೋರ್ಡಿರುತ್ತದೆ. ನಮ್ಮಲ್ಲಿ ಆ ಕೆಲಸ ಮಳೆಯದು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಹಲವು ಕಡೆ ಕುಸಿದು ತಿಂಗಳುಗಟ್ಟಲೆ ಮುಚ್ಚಿತ್ತು. ಡಿಸೆಂಬರಿನಲ್ಲಿ ಮಳೆಯ ಹೆದರಿಕೆಯಿಲ್ಲ, ಆದರೆ ಬೇರೆ ಲೆಕ್ಕವಿದೆ. ಹುಡುಗನಿಗೆ ಬಾಬಾಬುಡನ್ ಗಿರಿಗೂ ಹೋಗುವ ಆಸೆ. ಯೆಮನ್‌ನಿಂದ ಏಳು ಕಾಫಿ ಬೀಜ ತಂದರೆಂದು ಹೇಳುವ ಬಾಬಾರ ಗಿರಿ, ನಮ್ಮ ಜಿಲ್ಲೆಯ ಹೊಟ್ಟೆಪಾಡೇ ಅಲ್ಲಿಂದ ಶುರುವಾದದ್ದು. ದತ್ತಜಯಂತಿಯ ದಿನಗಳಲ್ಲಿ ಅಲ್ಲಿಗೆ ಪ್ರವಾಸಿಗರನ್ನು ಬಿಡುವುದಿಲ್ಲ, ಊರಿಡೀ ಪೊಲೀಸರು. ಆ ವಾರ ಬಿಟ್ಟು ಬಾ ಎಂದು ಬರೆದೆ. ಯಾಕೆ ಎಂದು ಅವನು ಕೇಳಲಿಲ್ಲ. ಅವನೂ ಈ ಜಿಲ್ಲೆಯವನೇ ತಾನೆ. ಉಳಿದ ದಿನಗಳಲ್ಲೂ 2025ರಿಂದ ಗಿರಿಗೆ ಹೋಗುವ ವಾಹನಗಳು ಮುಂಚೆಯೇ ಆನ್‌ಲೈನಿನಲ್ಲಿ ನೋಂದಾಯಿಸಬೇಕಾಗಿದೆ.

ಇಷ್ಟರವರೆಗೆ ಎಲ್ಲ ಸುಲಭ. ತೊಡಕು ಬಂದದ್ದು ಅಬ್ಬಾ ಹೇಳಿದ ನಿಲ್ದಾಣಗಳಲ್ಲಿ. ಅವರಿಗೆ ಸ್ಥಳವೆಂದರೆ ಮನುಷ್ಯ. ಘಾಟಿಯ ಕೆಳಗೆ ಪಂಕ್ಚರ್ ಹಾಕುವ ಬ್ಯಾರಿ ಕಾಕ ಇದ್ದಾರೆ, ನನ್ನ ಹೆಸರು ಹೇಳಿದರೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಆ ಕಾಕ ಹೋಗಿ ಹದಿನೈದು ವರ್ಷವಾಯಿತು. ಕುದುರೆಮುಖದ ಟೌನ್‌ಶಿಪ್ಪಿನಲ್ಲಿ ಊಟ ಮಾಡಲಿ, ಅಲ್ಲಿ ನನ್ನ ಗಿರಾಕಿಗಳು ನೂರು ಜನ. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು, ಜನ ಖಾಲಿಯಾದರು. ಕೊಪ್ಪದ ಕಡೆಯ ಸಹಕಾರ ಸಾರಿಗೆ ಬಸ್ಸು ಬಾಳೆಹೊನ್ನೂರು ದಾರಿಯಲ್ಲಿ ಎದುರಾಗುತ್ತದೆ, ಡ್ರೈವರು ಹಾರ್ನ್ ಮಾಡಿದರೆ ಪಕ್ಕಕ್ಕೆ ನಿಲ್ಲಲಿ. ಕಾರ್ಮಿಕರೇ 1991ರಲ್ಲಿ ಕಟ್ಟಿ ನಡೆಸಿದ ಆ ಬಸ್ಸುಗಳು 2020ರಲ್ಲಿ ನಿಂತುಹೋದವು. (ಸ್ವಿಟ್ಜರ್ಲೆಂಡಿನ ಬೆಟ್ಟದ ರಸ್ತೆಗಳಲ್ಲಿ ಅಂಚೆ ಬಸ್ಸು ಮೂರು ಸ್ವರದ ಹಾರ್ನ್ ಊದಿದರೆ ಎಲ್ಲರೂ ದಾರಿ ಬಿಡಬೇಕಂತೆ. ಅದನ್ನು ಹೇಳಿದಾಗ ಅಬ್ಬಾ, "ಮತ್ತೆ? ಬಸ್ಸಿಗೆ ಬಿಡದೆ ಇನ್ನು ಯಾರಿಗೆ ಬಿಡುತ್ತಾರೆ" ಎಂದರು.)

ಮೊದಮೊದಲು ನಾನು ತಿದ್ದುತ್ತಿದ್ದೆ. "ಕಾಕ ಇಲ್ಲ ಅಬ್ಬಾ, ತೀರಿಕೊಂಡರು." ಅವರು ಪೆನ್ನು ಕೆಳಗಿಟ್ಟು ಸುಮ್ಮನಾಗುತ್ತಿದ್ದರು. ಆಮೇಲೆ ದಾರಿಯ ಬಗ್ಗೆ ಏನು ಕೇಳಿದರೂ "ನೀನೇ ನೋಡು" ಎನ್ನುತ್ತಿದ್ದರು. ಎರಡು ದಿನ ಹೀಗಾದ ಮೇಲೆ ನಾನು ತಿದ್ದುವುದನ್ನು ನಿಲ್ಲಿಸಿದೆ. ಅವರು ಹೇಳಿದ್ದನ್ನೆಲ್ಲ ಉರ್ದುವಿನಲ್ಲಿ ಬರೆದುಕೊಂಡೆ. ಹುಡುಗನಿಗೆ ಬೇಕಾದದ್ದನ್ನು ಬೇರೆ ಹಾಳೆಯಲ್ಲಿ ಕನ್ನಡದಲ್ಲಿ ಬರೆದೆ. ಒಂದರಲ್ಲಿ ಜನ, ಇನ್ನೊಂದರಲ್ಲಿ ಊರು. ಸುಳ್ಳು ಹೇಳಿದೆನೇ ಎಂದು ಒಮ್ಮೊಮ್ಮೆ ಕಸಿವಿಸಿಯಾಗುತ್ತದೆ.

ಇದರ ಫಲ ಬೇರೆಯೇ ಆಯಿತು. ನವೆಂಬರಿನ ಒಂದು ಸಂಜೆ ಅಬ್ಬಾ ಮನೆಯಲ್ಲಿರಲಿಲ್ಲ. ಮಸೀದಿಯಲ್ಲೂ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮಫ್ಲರ್ ಸುತ್ತಿಕೊಂಡು, ಕೈಯಲ್ಲಿ ಸ್ಪ್ಯಾನರುಗಳ ಚೀಲ ಹಿಡಿದು ನಿಂತಿದ್ದರು. ಕುದುರೆಮುಖದಲ್ಲಿ ಯಾರದೋ ಗಾಡಿ ಕೆಟ್ಟಿದೆ, ಹೋಗಬೇಕು ಎಂದರು. ಮೂರು ವಾರಗಳಿಂದ ರಾತ್ರಿಯೆಲ್ಲ ಆ ದಾರಿಯನ್ನು ತಲೆಯಲ್ಲಿ ತುಂಬಿದವನು ನಾನೇ. ಬಾಯಿ ಬರಲಿಲ್ಲ. ಬೇಕರಿಯವರು ಅವರನ್ನು ಟೀ ಕುಡಿಸಿ ಕೂರಿಸಿಕೊಂಡಿದ್ದರು, ಇಲ್ಲದಿದ್ದರೆ ಯಾವ ಬಸ್ಸು ಹತ್ತುತ್ತಿದ್ದರೋ.

ಅಕ್ಕ ಫೋನಿನಲ್ಲಿ ಕೂಗಾಡಿದಳು. "ಇನ್ನು ಆ ಡೈರಿ ತೆಗೆಯಬೇಡ. ಅಬ್ಬಾನ ಬೈಕ್ ಹಿಂದೆ ಕೂರಿಸುವ ಮಾತು ಅಂತೂ ನಕ್ಕೊ." ಡಾಕ್ಟರೂ ಬೇಡವೆಂದರು. ಆದರೆ ಡೈರಿ ಒಳಗಿಟ್ಟ ಮೇಲೆ ಅಬ್ಬಾ ಎರಡೇ ದಿನದಲ್ಲಿ ಮಂಕಾದರು. ಗೋಡೆ ನೋಡುತ್ತ ಕೂರತೊಡಗಿದರು. ಮೂರನೇ ರಾತ್ರಿ ನಾನೇ ಅದನ್ನು ತೆಗೆದು ಅವರ ಮುಂದಿಟ್ಟೆ. ಬಾಗಿಲಿಗೆ ಒಳಗಿನಿಂದ ಬೀಗ ಹಾಕಿಕೊಂಡು. ಅಕ್ಕನಿಗೆ ಇದು ಇನ್ನೂ ಗೊತ್ತಿಲ್ಲ. ಈ ಪತ್ರಿಕೆ ಅವಳ ಮನೆಗೂ ಹೋಗುತ್ತದೆ, ಈಗ ಗೊತ್ತಾಗುತ್ತದೆ.

ಡಿಸೆಂಬರಿನಲ್ಲಿ ಹುಡುಗ ಬಂದ. ಚಿಕ್ಕಮಗಳೂರಿನಲ್ಲಿ ಬುಲೆಟ್ ಬಾಡಿಗೆಗೆ ತೆಗೆದುಕೊಂಡ. ಅವನಿಗೆ ಎರಡು ಹಾಳೆಗಳನ್ನೂ ಕೊಟ್ಟೆ. ಉರ್ದು ಹಾಳೆ ಅವನಿಗೆ ಓದಲು ಬರುವುದಿಲ್ಲ. ಆದರೂ ಅದನ್ನೇ ಮಡಚಿ ಜಾಕೆಟಿನ ಒಳಜೇಬಿನಲ್ಲಿಟ್ಟುಕೊಂಡ. ಕನ್ನಡದ್ದನ್ನು ಫೋಟೋ ತೆಗೆದುಕೊಂಡ.

ಹೊರಡುವ ದಿನ ಅವನು ಬುಲೆಟಿನಲ್ಲಿ, ನಾನು ಮತ್ತು ಅಬ್ಬಾ ನನ್ನ ಹಳೆಯ ಕಾರಿನಲ್ಲಿ, ಕೊಟ್ಟಿಗೆಹಾರದ ಆಚೆ ಘಾಟಿ ಶುರುವಾಗುವವರೆಗೆ ಜೊತೆಗೆ ಹೋದೆವು. ಬೆಳಗಿನ ಏಳೂವರೆ. ಮಂಜು ಎಷ್ಟಿತ್ತೆಂದರೆ ಹತ್ತು ಮಾರು ಮುಂದಿನ ತಡೆಗೋಡೆ ಕಾಣುತ್ತಿರಲಿಲ್ಲ. ಹುಡುಗ ಹೊರಡಲು ಕಾಲೆತ್ತಿದ. ಅಬ್ಬಾ ಕಾರಿನಿಂದಿಳಿದು ಬಂದು ಅವನ ಬೈಕಿನ ಕೀ ತಿರುವಿ ಇಂಜಿನ್ ನಿಲ್ಲಿಸಿದರು. "ಕೇಳು" ಎಂದರು.

ನಾವಿಬ್ಬರೂ ಕೇಳಿದೆವು. ಎಲೆಗಳಿಂದ ಹನಿ ಬೀಳುವ ಸದ್ದು ಬಿಟ್ಟರೆ ಏನೂ ಇಲ್ಲ.

"ಬಸ್ಸು ಬರುತ್ತಿದೆ. ಎರಡು ಮೋಡ್ ಕೆಳಗಿದೆ. ಹತ್ತುವವನಿಗೆ ದಾರಿ ಬಿಡಬೇಕು, ನಿಲ್ಲು."

ಹುಡುಗ ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ. ಎರಡು ನಿಮಿಷವಾಗಿರಬೇಕು, ಮಂಜಿನೊಳಗಿಂದ ಮೊದಲು ಇಂಜಿನ್ನಿನ ಉಸಿರು, ಆಮೇಲೆ ಎರಡು ಹಳದಿ ಲೈಟು, ಆಮೇಲೆ ಧರ್ಮಸ್ಥಳದ ಬೋರ್ಡಿನ ಕೆಂಪು ಬಸ್ಸು ಮೇಲೆ ಬಂತು. ಡ್ರೈವರು ನಮ್ಮನ್ನು ನೋಡಿ ಒಂದು ಸಣ್ಣ ಹಾರ್ನ್ ಮಾಡಿದ. ಅಬ್ಬಾ ಕೈಯೆತ್ತಿದರು.

"ಈಗ ಹೋಗು. ಸೆಕೆಂಡ್ ಗೇರು. ಏಳನೇದರಲ್ಲಿ ನೀರಿರುತ್ತದೆ."

ಹುಡುಗ ಹೆಲ್ಮೆಟ್ ಹಾಕಿಕೊಂಡು ಹೊರಟ. ಕೆಂಪು ಲೈಟು ಸ್ವಲ್ಪ ಹೊತ್ತು ಕಂಡು ಮಂಜಿನಲ್ಲಿ ಮುಳುಗಿತು. ಸದ್ದು ಮಾತ್ರ ಇನ್ನೂ ಕೇಳುತ್ತಿತ್ತು. ಅಬ್ಬಾ ತಲೆ ವಾಲಿಸಿ ಅದನ್ನೇ ಕೇಳುತ್ತ ನಿಂತಿದ್ದರು. ಅದು ನಿಂತ ಮೇಲೆ ನನ್ನ ಕಡೆ ತಿರುಗಿ, "ಕ್ಲಚ್ ಚೆನ್ನಾಗಿ ಬಿಡುತ್ತಾನೆ. ಯಾರ ಮಗ?" ಎಂದರು.

"ಅಕ್ಕನ ಮಗ ಅಬ್ಬಾ. ನಿಮ್ಮ ಮೊಮ್ಮಗ."

"ಹೌದೇ?" ಎಂದರು ಖುಷಿಯಿಂದ. ಆಮೇಲೆ ಮಫ್ಲರ್ ಬಿಗಿ ಮಾಡಿಕೊಂಡು, ಕೊಟ್ಟಿಗೆಹಾರದಲ್ಲಿ ನೀರುದೋಸೆ ಸಿಗುತ್ತದೆಯೇ, ನಡಿ ತಿನ್ನೋಣ ಎಂದು ಕಾರಿನ ಕಡೆ ನಡೆದರು.