ಕೆಂಪು ವೈನಿಗೆ ಒದ್ದೆ ಬಟ್ಟೆ

ಮಾರ್ಚ್ ತಿಂಗಳ ಸಂಜೆ. ಬೀಚನಹಳ್ಳಿಯ ನಮ್ಮ ಮನೆಗೆ ಬಂದ ನೆಂಟರೊಬ್ಬರು ಚೀಲದಿಂದ ನಂದಿಬೆಟ್ಟದ ಲಾ ರಿಸರ್ವ್ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ನನಗೆ ಬಲು ಇಷ್ಟದ ವೈನು ಅದು. ಫ್ರಿಜ್ಜಿಗಿಡಲು ಎದ್ದರೆ ಕೈ ಹಿಡಿದು ತಡೆದರು. "ರೆಡ್ ವೈನನ್ನ ಯಾರಾದ್ರೂ ಫ್ರಿಜ್‌ನಲ್ಲಿ ಇಡ್ತಾರೇನ್ರೀ? ರೂಮ್ ಟೆಂಪರೇಚರ್‌ನಲ್ಲೇ ಕುಡೀಬೇಕು."

ಯಾವ ಊರಿನ ರೂಮು? ಈ ಮಾತು ಹುಟ್ಟಿದ್ದು ಯುರೋಪಿನ ಕಲ್ಲುಗೋಡೆಯ ಮನೆಗಳಲ್ಲಿ. ಅಲ್ಲಿ ಕೋಣೆಯ ಉಷ್ಣತೆ ಹದಿನೆಂಟು ಡಿಗ್ರಿ ಮುಟ್ಟಿದರೆ ಹೆಚ್ಚು. ನಮ್ಮ ಹೆಂಚಿನ ಮನೆಯೊಳಗೆ ಆ ಸಂಜೆ ಮೂವತ್ತರ ಮೇಲಿತ್ತು. ಆ ಕಾವಿನಲ್ಲಿ ಬಾಟಲಿ ತೆರೆದರೆ ಮೊದಲು ಮೂಗಿಗೆ ಹೊಡೆಯುವುದು ಆಲ್ಕೋಹಾಲು. ಹಣ್ಣಿನ ವಾಸನೆ ಅದರಡಿಯಲ್ಲಿ ಮುಚ್ಚಿಹೋಗುತ್ತದೆ. ಜೊತೆಗೆ ನಾಟಿಕೋಳಿ ಸಾರಿನ ಖಾರ ಸೇರಿದರೆ ಬಾಯಿ ಉರಿ. ಆಮೇಲೆ ಅದೇ ಜನ "ನಮ್ಮ ದೇಶದ ವೈನು ಒರಟು" ಎಂದು ತೀರ್ಪು ಕೊಡುತ್ತಾರೆ. ಇದನ್ನು ಕೇಳಿದಾಗಲೆಲ್ಲ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ವರ್ಷಗಟ್ಟಲೆ ಯಾರೋ ಬಳ್ಳಿ ಸಾಕಿ, ಓಕ್ ಪೀಪಾಯಿಯಲ್ಲಿ ಹದಗೊಳಿಸಿಟ್ಟದ್ದನ್ನು ಒಂದು ಎರವಲು ನಿಯಮಕ್ಕಾಗಿ ಕೆಡಿಸುವುದು ಯಾವ ರಸಿಕತೆ?

ನನ್ನ ಉಪಾಯ ಸರಳ. ಹಳೆಯ ಹತ್ತಿ ಪಂಚೆಯ ತುಂಡನ್ನು ನೀರಲ್ಲಿ ಅದ್ದಿ ಹಿಂಡಿ, ಬಾಟಲಿಗೆ ಕೊರಳವರೆಗೆ ಸುತ್ತಿ, ಕಬಿನಿ ಹಿನ್ನೀರಿನ ಗಾಳಿ ಬರುವ ಕಿಟಕಿಯಲ್ಲಿ ನಿಲ್ಲಿಸುತ್ತೇನೆ. ಬಟ್ಟೆ ಒಣಗುತ್ತ ಬಂದಂತೆ ಮತ್ತೆ ಚಿಮುಕಿಸಬೇಕು. ಒಣ ಹವೆಯಲ್ಲಿ ನೀರು ಆವಿಯಾಗುತ್ತ ಬಾಟಲಿಯ ಕಾವನ್ನು ಎಳೆದುಕೊಂಡು ಹೋಗುತ್ತದೆ. ಆಷಾಢದಲ್ಲಿ ಈ ಆಟ ನಡೆಯದು, ಗಾಳಿಯಲ್ಲೇ ನೀರಿರುತ್ತದೆ. ಆಗ ಬಕೆಟ್ ನೀರಿಗೆ ಐಸ್ ಹಾಕಿ ಕಾಲು ಗಂಟೆ ಮುಳುಗಿಸಬೇಕು. ಫ್ರಿಜ್ಜಿನಲ್ಲಾದರೆ ಅದಕ್ಕಿಂತ ಹೆಚ್ಚು ಹೊತ್ತು ಇಡಬೇಕು. ಹದಿನಾರರಿಂದ ಹದಿನೆಂಟು ಡಿಗ್ರಿಗೆ ಇಳಿದರೆ ವೈನು ಬಾಯಿ ಬಿಡುತ್ತದೆ. ಆದರೆ ಲೋಟದೊಳಕ್ಕೇ ಐಸ್ ಹಾಕುವವರ ಜೊತೆ ನಾನು ಕೂರುವುದಿಲ್ಲ.

ಅದೇ ನೆಂಟರ ಇನ್ನೊಂದು ಆಕ್ಷೇಪ, ಲಾ ರಿಸರ್ವ್ ಕ್ಯಾಬರ್ನೆ, ಶಿರಾಜ್ ಎಂಬ ಎರಡು ದ್ರಾಕ್ಷಿ ಬೆರೆಸಿದ್ದು, ಹಾಗಾಗಿ ಒಂದು ಮೆಟ್ಟಿಲು ಕೆಳಗೆ ಎಂಬುದು. ಅವರೇ ಹಾಡಿ ಹೊಗಳುವ ಫ್ರಾನ್ಸಿನ ಬೋರ್ಡೋ ಮತ್ತೇನು? ಕ್ಯಾಬರ್ನೆ, ಮರ್ಲೋಗಳನ್ನು ಬೆರೆಸಿಯೇ ಆ ಸೀಮೆ ಹೆಸರು ಮಾಡಿದ್ದು. ಆಸ್ಟ್ರೇಲಿಯಾದಲ್ಲಿ ಮ್ಯಾಕ್ಸ್ ಶೂಬರ್ಟ್ 1962ರಲ್ಲಿ ಮಾಡಿದ ಪೆನ್‌ಫೋಲ್ಡ್ಸ್ ಬಿನ್ 60ಎ ಕ್ಯಾಬರ್ನೆ–ಶಿರಾಜ್ ಮಿಶ್ರಣವೇ. ಆ ದೇಶದ ಮಹಾ ವೈನುಗಳ ಸಾಲಿನಲ್ಲಿ ಅದನ್ನು ಇಂದಿಗೂ ನೆನೆಯುತ್ತಾರೆ.

ನಂದಿಯ ಮಣ್ಣಿಗೆ ಈ ಜೋಡಿ ಬೇಕೇ ಬೇಕು. ಕನ್ವಲ್ ಗ್ರೋವರ್ 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಲಾ ರಿಸರ್ವ್ ಮಾಡುವ ಕಂಪನಿ ಕಟ್ಟಿ ಫ್ರೆಂಚ್ ತಳಿ ಬೆಳೆಸಿದರು. ತೊಂಬತ್ತರ ದಶಕದಲ್ಲಿ ಬೋರ್ಡೋದ ವೈನ್ ತಜ್ಞ ಮಿಷೆಲ್ ರೋಲಾನ್ ಸಲಹೆಗೆ ಬಂದರು. ನಂದಿಯಲ್ಲಿ ಬಳ್ಳಿಗೆ ಹಿಮದ ನಿದ್ದೆಯಿಲ್ಲ. ವರ್ಷಕ್ಕೆರಡು ಸಲ ಸವರುತ್ತಾರೆ: ಬೇಸಿಗೆಯಲ್ಲಿ ಕಡ್ಡಿಗಾಗಿ, ಮಳೆ ಹಿಂದೆಗೆಯುವಾಗ ಹಣ್ಣಿಗಾಗಿ. ಚಳಿಗಾಲದ ತಂಪು ರಾತ್ರಿಗಳು ಕಾಯಿಯಲ್ಲಿ ಹುಳಿ ಉಳಿಸುತ್ತವೆ, ಫೆಬ್ರುವರಿ–ಮಾರ್ಚ್‌ನ ಬಿಸಿಲು ಸಕ್ಕರೆ ತುಂಬುತ್ತದೆ. ಕ್ಯಾಬರ್ನೆ ದಪ್ಪ ಸಿಪ್ಪೆಯ ಸಣ್ಣ ಹಣ್ಣು, ಒಗರು ಜಾಸ್ತಿ, ಬಾಯಿಯ ನಡುವೆ ಟೊಳ್ಳು. ಆ ಟೊಳ್ಳನ್ನು ಶಿರಾಜ್ ತುಂಬುತ್ತದೆ.

ಮಣ್ಣಿನ ಮಾತು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ರೈತರು ಸೊಪ್ಪು ಹದಮಾಡುವ ಬ್ಯಾರನ್‌ನಿಂದ ಇಳಿಸಿದ ಎಲೆಯ ಬಣ್ಣ ನೋಡಿ, ಅದು ಮರಳುಮಿಶ್ರಿತ ಕೆಂಪು ಮಣ್ಣಿನದೋ ನೀರು ನಿಲ್ಲುವ ಜಮೀನಿನದೋ ಹೇಳಬಲ್ಲರು. ಹಾಗಾದರೆ ಇಲ್ಲೇ ದ್ರಾಕ್ಷಿ ಹಾಕಬಾರದೇ ಎಂದು ಕೇಳುವವರಿದ್ದಾರೆ. ಕೆಂಪು ಮಣ್ಣಿದೆ, ನಿಜ. ಆದರೆ ನಂದಿಯ ತೋಟಗಳು 900 ಮೀಟರಿನ ಆಸುಪಾಸಿನಲ್ಲಿವೆ. ಇಲ್ಲಿನ ಕಬಿನಿ ಜಲಾಶಯ ತುಂಬಿದಾಗಿನ ಮಟ್ಟವೇ 2,284 ಅಡಿ, ಅಂದರೆ 696 ಮೀಟರ್. ಮೇಲಾಗಿ ವಯನಾಡಿನ ಕಡೆಯ ಮಳೆ. ತೇವದಲ್ಲಿ ಬೂಜು ರೋಗ ಎಲೆಯಿಂದ ಗೊಂಚಲಿಗೆ ಏರುತ್ತದೆ. ನನ್ನ ಲೆಕ್ಕದಲ್ಲಿ ಇದು ವೈನು ಕುಡಿಯುವ ಸೀಮೆ, ಬೆಳೆಯುವ ಸೀಮೆಯಲ್ಲ.

ನಮ್ಮ ಪಕ್ಕದ ಕೊಡಗಿನಲ್ಲಿ ಬೆಳೆಯುವುದು ಮೆಣಸು, ಮತ್ತು ಶಿರಾಜಿನ ಸೊಗಸೆಲ್ಲ ಆ ಮೆಣಸಿನ ಗಂಧದಲ್ಲಿದೆ. ರೊಟಂಡೋನ್ ಎಂಬ ಒಂದೇ ಪದಾರ್ಥ ಕರಿಮೆಣಸಿನಲ್ಲೂ ಶಿರಾಜಿನಲ್ಲೂ ಇದೆ ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ತೀರಾ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಅದನ್ನು ಮೂಗು ಗುರುತಿಸುತ್ತದೆ. ಆದರೆ ಸುಮಾರು ಐವರಲ್ಲಿ ಒಬ್ಬರಿಗೆ ಅದು ಹತ್ತುವುದೇ ಇಲ್ಲ. ತಂಪು ತೋಟದ ಹಣ್ಣಿನಲ್ಲಿ ಇದು ಹೆಚ್ಚು, ಬಿಸಿ ತೋಟದಲ್ಲಿ ಕಡಿಮೆ. ಹೀಗಾಗಿ ನಂದಿಯ ಬಾಟಲಿಯಲ್ಲಿ ಮೆಣಸನ್ನು ಹುಡುಕಿ ಹಿಡಿಯಬೇಕು. ಲೋಟವನ್ನು ತಣ್ಣಗಿರುವಾಗ ಒಮ್ಮೆ ಮೂಸಿ. ಕೊಡಗಿನ ನಾಲ್ಕು ಕಾಳನ್ನು ಕುಟ್ಟಿ ಅದನ್ನೂ ಮೂಸಿ, ಮತ್ತೆ ಲೋಟಕ್ಕೆ ಬನ್ನಿ. ಹತ್ತಿದರೆ ಮಟನ್ ಪೆಪ್ಪರ್ ಫ್ರೈಗೆ ಒಲೆ ಹಚ್ಚಿ, ಖಾರದಪುಡಿ ಕಡಿಮೆ ಹಾಕಿ.