ಎಷ್ಟು ಜನ ಬರ್ತಾರೆ?

ಗೆಳೆಯರ ಬ್ಯಾಂಡಿಗೆ ಕಾರ್ಯಕ್ರಮ ಗಿಟ್ಟಿಸಿಕೊಡುವ ಕೆಲಸವನ್ನು ಮೈಮೇಲೆ ಎಳೆದುಕೊಂಡಾಗ ನನಗಿದ್ದದ್ದು ಗಣೇಶೋತ್ಸವದ ಅನುಭವ ಮಾತ್ರ. ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಸರಿ, ಗಣಪತಿ ಕೂರಿಸಿದ ಮೇಲೆ ಒಂದು ದಿನ ಆರ್ಕೆಸ್ಟ್ರಾ ಇರಬೇಕು. ಚಂದಾ ಎತ್ತುವುದು, ಪೆಂಡಾಲು ಹಾಕಿಸುವುದು, ಸೌಂಡಿನವನಿಗೆ ಅಡ್ವಾನ್ಸ್ ಕೊಡುವುದು ಎಲ್ಲ ಕಮಿಟಿಯ ಪಾಡು. ಜನರನ್ನು ಯಾರೂ ಕರೆಯಬೇಕಿಲ್ಲ, ಇಡೀ ಬೀದಿಯೇ ಬಂದು ಕುರ್ಚಿ ಎಳೆದುಕೊಂಡು ಕೂರುತ್ತದೆ. ಹಾಡುವವರು ಹಾಡಿ, ಲಕೋಟೆ ತೆಗೆದುಕೊಂಡು ಹೊರಟರಾಯಿತು. ಪಬ್ಬು, ಕೆಫೆಗಳಲ್ಲೂ ಇದೇ ವ್ಯವಸ್ಥೆ ಎಂದು ನಂಬಿಕೊಂಡು ಹೊರಟೆ. ಆ ನಂಬಿಕೆಗೆ ಬೆಲೆ ತೆತ್ತವರು ಬ್ಯಾಂಡಿನವರು.

ನಮ್ಮವರದು ತತ್ವಪದ, ವಚನ, ಜೊತೆಗೆ ಒಂದಷ್ಟು ಸ್ವಂತ ಹಾಡು. ಗಿಟಾರ್, ಬೇಸ್, ಡ್ರಮ್ಸ್ ಪಕ್ಕದಲ್ಲಿ ಹಾರ್ಮೋನಿಯಂ, ತಂಬೂರಿ. ರಘು ದೀಕ್ಷಿತ್ ಶಿಶುನಾಳ ಷರೀಫರ ಪದಗಳನ್ನು ಗಿಟಾರಿನೊಂದಿಗೆ ಹಾಡಿ ಹೊರದೇಶದ ವೇದಿಕೆಗಳಲ್ಲೂ ಚಪ್ಪಾಳೆ ಗಿಟ್ಟಿಸಿದ್ದರು. ದಾರಿ ಆಗಲೇ ಸವೆದಿದೆ, ನಮಗೊಂದು ಜಾಗ ಸಿಕ್ಕರೆ ಸಾಕು ಎನ್ನುವುದು ನನ್ನ ಲೆಕ್ಕಾಚಾರ. ಒಂದೇ ಒಕ್ಕಣೆಯ ಮೆಸೇಜನ್ನು ಇನ್‌ಸ್ಟಾಗ್ರಾಂನಲ್ಲಿ ಕಣ್ಣಿಗೆ ಬಿದ್ದ ಪಬ್ಬುಗಳಿಗೆಲ್ಲ ಕಳಿಸಿದೆ. ಬಹಳ ಮಂದಿ ಉತ್ತರವನ್ನೇ ಕೊಡಲಿಲ್ಲ. ಕೊಟ್ಟವರು ಕೇಳಿದ್ದು ಒಂದೇ: “ಎಷ್ಟು ಜನ ಬರ್ತಾರೆ?” ಹಾಡು ಹೇಗಿದೆ ಎಂದು ಕೇಳುವ ಸೌಜನ್ಯವಿಲ್ಲವಲ್ಲ ಎಂದು ನನಗೆ ಸಿಟ್ಟು. ಕೊನೆಗೊಬ್ಬ ಮ್ಯಾನೇಜರ್ ಫೋನಿನಲ್ಲೇ ಶನಿವಾರ ಕೊಟ್ಟರು. ಸಂಭಾವನೆ ಇಲ್ಲ, ನಮ್ಮ ಹೆಸರು ಹೇಳಿ ಬಂದವರ ಕವರ್ ಚಾರ್ಜಿನಲ್ಲಿ ಪಾಲು. “ನೂರು ಜನಕ್ಕೆ ಮೋಸವಿಲ್ಲ ಸಾರ್” ಅಂದುಬಿಟ್ಟೆ. ಯಾವ ನೂರು ಜನ ಎಂದು ಯೋಚಿಸಿಯೂ ಇರಲಿಲ್ಲ, ಆ ಪಬ್ಬಿನ ಮೆಟ್ಟಿಲು ಹತ್ತಿಯೂ ಇರಲಿಲ್ಲ.

ಹತ್ತಿದ್ದರೆ ಗೊತ್ತಾಗುತ್ತಿತ್ತು. ಅದು ಟೆರೇಸ್ ಪಬ್ಬು, ಬ್ಯಾಂಡು ನಿಲ್ಲುವ ಮೂಲೆಯ ಹಿಂದಿನ ಗೋಡೆಗೇ ದೊಡ್ಡ ಪರದೆ. ಅಂದು ಆರ್‌ಸಿಬಿ ಪಂದ್ಯ. ಪರದೆ ಆರಿಸಿ ಎಂದರೆ ಮ್ಯಾನೇಜರ್ ತುಂಬಿದ ಮೇಜುಗಳತ್ತ ಕೈ ತೋರಿಸಿದರು. ಕೆಂಪು ಜೆರ್ಸಿಯವರೇ ಎಲ್ಲ. ಧ್ವನಿ ಮಾತ್ರ ಬಂದ್ ಮಾಡಿಸಿದರು. ಇದ್ದದ್ದು ಡಿಜೆಯ ಪುಟ್ಟ ಮಿಕ್ಸರ್, ಮೈಕಿಗೆ ಎರಡೇ ಚಾನೆಲ್. ಒಂದು ಗಾಯಕನಿಗೆ, ಒಂದು ಹಾರ್ಮೋನಿಯಮ್ಮಿಗೆ. ತಂಬೂರಿ ಚೀಲದಿಂದ ಹೊರಗೇ ಬರಲಿಲ್ಲ. ಎರಡನೆಯ ಹಾಡಿನ ಚರಣದಲ್ಲಿದ್ದಾಗ ಇಡೀ ಟೆರೇಸ್ ಎದ್ದು ನಿಂತು ಕೇಕೆ ಹಾಕಿತು. ಕಣ್ಣು ಮುಚ್ಚಿ ಹಾಡುತ್ತಿದ್ದ ಗಾಯಕ ಬೆಚ್ಚಿ ಕಣ್ಣು ಬಿಟ್ಟ, ನಕ್ಕ, ಎದೆಗೆ ಕೈಯಿಟ್ಟು ತಲೆಬಾಗಿದ. ಬೆನ್ನ ಹಿಂದೆ ಚೆಂಡು ಗ್ಯಾಲರಿಗೆ ಬಿದ್ದದ್ದು ಅವನಿಗೆ ಕಾಣುವಂತಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ನನಗೆ ಕಾಣುತ್ತಿತ್ತು. ಹತ್ತು ಗಂಟೆಗೆ ಸ್ಪೀಕರ್ ನಿಂತಿತು. ನಮ್ಮ ಹೆಸರು ಹೇಳಿ ಬಂದವರು ಹೆಚ್ಚೂಕಡಿಮೆ ಬ್ಯಾಂಡಿನವರ ಮನೆಯವರೇ. ಕೈಗೆ ಬಂದ ಪಾಲು ಡ್ರಮ್ಸ್ ಹೊತ್ತು ತಂದ ಟೆಂಪೋ ಬಾಡಿಗೆಗೂ ಸಾಲಲಿಲ್ಲ.

ಕೆಲವು ದಿನ ಮ್ಯಾನೇಜರರನ್ನು ಬೈದುಕೊಂಡೆ. ಆಮೇಲೆ ಅವರ ಜಾಗದಲ್ಲಿ ನಿಂತು ನೋಡಿದೆ. ಪಬ್ಬು ನಡೆಯುವುದು ಊಟ, ಕುಡಿತದ ಬಿಲ್ಲಿನ ಮೇಲೆ. ಶನಿವಾರವೊಂದು ಖಾಲಿ ಹೋದರೆ ವಾರದ ಲೆಕ್ಕವೇ ಏರುಪೇರು. ಮೇಲಿಂದ ಕಾನೂನು. ಬೆಂಗಳೂರಿನಲ್ಲಿ ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪೊಲೀಸ್ ಲೈಸೆನ್ಸ್ ಕಡ್ಡಾಯ ಮಾಡಿದ 2005ರ ಆದೇಶವನ್ನು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ವರ್ಷ ಲೈವ್ ಸಂಗೀತವನ್ನೇ ಕೈಬಿಟ್ಟ ಪಬ್ಬುಗಳಿವೆ. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿಯೇ 55 ಡೆಸಿಬೆಲ್. ಸ್ವಂತ ಹಾಡಿನ ಬ್ಯಾಂಡುಗಳಿಗೆ ಮನೆಯಂತಿದ್ದ ಇಂದಿರಾನಗರದ ಹಮ್ಮಿಂಗ್ ಟ್ರೀಯೇ 2019ರಲ್ಲಿ ಬಾಗಿಲು ಹಾಕಿತು. ಇಷ್ಟೆಲ್ಲ ತಲೆಬಿಸಿಯ ನಡುವೆ ಗೊತ್ತಿಲ್ಲದ ಬ್ಯಾಂಡಿಗೆ ಒಂದು ಸಂಜೆ ಕೊಡುವವನು ಎಷ್ಟು ಜನ ಬರ್ತಾರೆ ಎಂದು ಕೇಳದೆ ಇನ್ನೇನು ಕೇಳಬೇಕು? ಗಣೇಶನ ಕಮಿಟಿ ಮಾಡುವ ಕೆಲಸ ಪಬ್ಬಿನಲ್ಲಿ ಬ್ಯಾಂಡಿನ ಪಾಲಿಗೆ ಬರುತ್ತದೆ. ನನಗೆ ತಿಳಿಯದೆ ಹೋದದ್ದು ಇದು.

ಪ್ರತಿ ಜಾಗಕ್ಕೂ ಅದರದೇ ಕೇಳುಗರು. ಜೆ.ಪಿ. ನಗರದ ರಂಗಶಂಕರಕ್ಕೆ ಬರುವವರು ಮೊಬೈಲ್ ಆರಿಸಿ ಕೂರುತ್ತಾರೆ. ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್‌ಗೆ ಜಾಝ್ ಕೇಳಲೆಂದೇ ಟಿಕೆಟ್ ಕೊಂಡು ಬರುವವರಿದ್ದಾರೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಛೇರಿಗಳಲ್ಲಿ ಗಂಟೆಗಟ್ಟಲೆ ಕೂತು ಕೇಳುವವರೇ ಬೇರೆ. ಕ್ರಿಕೆಟ್ ನೋಡಲು ಬಂದವರು ತತ್ವಪದಕ್ಕೆ ಕಿವಿಗೊಡಲಿಲ್ಲ ಎಂದು ದೂರಿದರೆ ತಪ್ಪು ಅವರದಲ್ಲ. ನಮ್ಮ ಹಾಡಿಗೆ ಬೇಕಿದ್ದದ್ದು ವಾರದ ನಡುವಿನ ಒಂದು ಸಂಜೆ, ನಲವತ್ತು ಕುರ್ಚಿಯ ಕೆಫೆ, ಇಲ್ಲವೇ ಆಗಲೇ ಕೇಳುಗರಿರುವ ಬ್ಯಾಂಡಿನ ಮುಂಚೆ ಅರ್ಧ ಗಂಟೆ.

ಈಗ ಬುಕಿಂಗ್ ಕೇಳುವ ಮೊದಲು ಆ ಜಾಗಕ್ಕೆ ಅದೇ ವಾರದ ದಿನ, ಅದೇ ಹೊತ್ತಿಗೆ ಹೋಗಿ ಕೂರುತ್ತೇನೆ. ಹಾಡಿನ ನಡುವೆ ಜನ ಮಾತಾಡುತ್ತಾರೋ, ತಿರುಗಿ ನೋಡುತ್ತಾರೋ ಗಮನಿಸುತ್ತೇನೆ. ಸೌಂಡ್ ನೋಡಿಕೊಳ್ಳುವವರ ಹತ್ತಿರ ಮಿಕ್ಸರಿನ ಚಾನೆಲ್, ಮಾನಿಟರ್ ವಿಚಾರಿಸುತ್ತೇನೆ. ಯಾವ ವಾದ್ಯಕ್ಕೆ ಯಾವ ಮೈಕು ಎನ್ನುವ ಪಟ್ಟಿ, ಸೌಂಡ್‌ಚೆಕ್ ಸಮಯ, ದುಡ್ಡಿನ ಲೆಕ್ಕ, ಪರದೆ ಆರಿಸುವ ವಿಷಯ, ಸಿನಿಮಾ ಹಾಡು ಹಾಡಿದರೆ ಹಾಡಿನ ಹಕ್ಕುಸ್ವಾಮ್ಯ ನೋಡಿಕೊಳ್ಳುವ ಐಪಿಆರ್‌ಎಸ್ ಸಂಸ್ಥೆಯ ಲೈಸೆನ್ಸ್ ಯಾರ ಹೊಣೆ ಎನ್ನುವುದು, ಎಲ್ಲವೂ ಇಮೇಲಿನಲ್ಲಿ ಬರವಣಿಗೆಗೆ ಇಳಿಯಬೇಕು. ಜನ ಎಷ್ಟು ಎಂದರೆ ನಿಜ ಹೇಳುತ್ತೇನೆ. ಮೂವತ್ತು ಅಂದಾಗ ನಕ್ಕು ಫೋನಿಟ್ಟವರೂ ಇದ್ದಾರೆ, ಮಂಗಳವಾರ ಬನ್ನಿ ಅಂದವರೂ ಇದ್ದಾರೆ.

ಹೊಸದಾಗಿ ಬ್ಯಾಂಡು ಕಟ್ಟಿದವರಿಗೆ ನನ್ನದೊಂದು ಮಾತು. ನೀವೇ ಕವರ್ ಚಾರ್ಜ್ ಕೊಟ್ಟು ಒಂದು ಸಂಜೆ ಕೂತು ಕೇಳದ ಜಾಗದಲ್ಲಿ ಹಾಡುತ್ತೇವೆಂದು ಡೇಟ್ ಕೇಳಬೇಡಿ.